ತುಂಗೆಯ ಊರು, ಭದ್ರೆಯ ಊರು, ಒಂದು ಜೊತೆ ಬೂಟು

ಮಲೆನಾಡಿನಲ್ಲಿ ಸಂಸಾರ ಹೂಡಿದವರ ಮನೆಯ ಅಟ್ಟವೆಂದರೆ ಅದೊಂದು ಚಿಕ್ಕ ವಸ್ತುಸಂಗ್ರಹಾಲಯವೇ ಸರಿ. ಶಿವಮೊಗ್ಗದ ನಮ್ಮ ಮನೆಯ ಅಟ್ಟದಲ್ಲಿ ಹಳೆಯ ಹಿತ್ತಾಳೆ ಹಂಡೆ, ಮಕ್ಕಳ ತೊಟ್ಟಿಲು, ಮುರಿದ ರಾಟೆ ಇವುಗಳ ನಡುವೆ ಒಂದು ತಗಡಿನ ಪೆಟ್ಟಿಗೆಯಿದೆ. ಅದರ ಮೇಲೆ ನಮ್ಮ ಯಜಮಾನರ ಮುದ್ದಾದ ಅಕ್ಷರಗಳಲ್ಲಿ ‘ನಡಿಗೆಯ ಸಾಮಾನು’ ಎಂದು ಬರೆದಿದೆ. 1986ರಿಂದ ವರ್ಷಕ್ಕೊಮ್ಮೆ, ಮಳೆ ನಿಂತು ಚಳಿ ಬೀಳುವ ಕಾಲಕ್ಕೆ, ನಾವಿಬ್ಬರೂ ಎಲ್ಲಿಗಾದರೂ ಕಾಲ್ನಡಿಗೆಯಲ್ಲಿ ಹೋಗಿಬರುವ ಪದ್ಧತಿಯನ್ನಿಟ್ಟುಕೊಂಡಿದ್ದೇವೆ. ಮೊದಮೊದಲು ಮಕ್ಕಳೂ ಬರುತ್ತಿದ್ದರು. ಅವರಿಗೆ ರೆಕ್ಕೆ ಬಂದ ಮೇಲೆ ನಾವಿಬ್ಬರೇ ಉಳಿದೆವು. ಎರಡು ಚೀಲ, ಎರಡು ಜೊತೆ ಬೂಟು, ಎರಡು ಮಳೆಯಂಗಿ, ಒಂದು ಟಾರ್ಚು, ಮಾವನವರಿಂದ ಬಂದ ಒಂದು ಬೆತ್ತದ ಕೋಲು. ಇಷ್ಟೇ ನಮ್ಮ ಆಸ್ತಿ.

2020ರಲ್ಲಿ ಮಹಾಮಾರಿ ಬಂದು ಜಗತ್ತೇ ಬಾಗಿಲು ಹಾಕಿಕೊಂಡಾಗ ನಮ್ಮ ಪೆಟ್ಟಿಗೆಯ ಬಾಗಿಲೂ ಮುಚ್ಚಿತು. ಅದನ್ನು ಮತ್ತೆ ತೆರೆದದ್ದು 2022ರ ಡಿಸೆಂಬರಿನಲ್ಲಿ, ಕೊಡಚಾದ್ರಿಗೆ ಹೊರಡುವ ಮುನ್ನಾದಿನ. ಬೂಟುಗಳು ಹೊಚ್ಚಹೊಸದರಂತೆ ಕಂಡವು. ಒರೆಸಿ, ಬಿಸಿಲಿಗಿಟ್ಟು, ಲಾಡಿ ಬದಲಿಸಿ ಕಾಲಿಗೇರಿಸಿದೆವು. ಸಮುದ್ರಮಟ್ಟದಿಂದ 1,343 ಮೀಟರು ಎತ್ತರದ ಆ ಶಿಖರವನ್ನು ನಿಧಾನವಾಗಿ ಹತ್ತಿ, ಸರ್ವಜ್ಞಪೀಠದ ಪುಟ್ಟ ಕಲ್ಲುಮಂಟಪದ ಮುಂದೆ ಕುಳಿತು ಬುತ್ತಿ ಬಿಚ್ಚುವವರೆಗೆ ಎಲ್ಲವೂ ಸುಖವಾಗಿಯೇ ನಡೆಯಿತು. ಇಳಿಯುವಾಗ ಯಜಮಾನರ ಎಡಗಾಲಿನ ಬೂಟಿನ ಅಟ್ಟೆ ಒಣರೊಟ್ಟಿಯಂತೆ ಪುಡಿಪುಡಿಯಾಗಿ ಉದುರಲಾರಂಭಿಸಿತು. ಕಿತ್ತುಹೋದದ್ದಲ್ಲ, ಹರಿದದ್ದೂ ಅಲ್ಲ; ಉದುರಿತು! ಅರ್ಧ ದಾರಿ ಸವೆಯುವಷ್ಟರಲ್ಲಿ ಅಂಗಾಲಿನ ಕೆಳಗೆ ತೆಳುವಾದ ಒಂದು ಬಟ್ಟೆಯ ಹಾಳೆ ಮಾತ್ರ ಉಳಿದಿತ್ತು. ನಮ್ಮ ಸೆರಗಿನ ಅಂಚನ್ನು ಹರಿದು ಬೂಟಿಗೆ ಸುತ್ತಿ ಕಟ್ಟಿದೆವು. ಹೇಗೋ ಕೆಳಗೆ ಬಂದೆವು.

ಆಗ ನಮಗೆ ಅದೊಂದು ನಗುವ ಪ್ರಸಂಗವಾಗಿತ್ತು. ಮರುದಿನ ಬೆಳಿಗ್ಗೆ ಕಾಲುಚೀಲದಲ್ಲಿ ರಕ್ತದ ಕಲೆ ಕಂಡಾಗ ನಗು ಆರಿತು. ಯಜಮಾನರಿಗೆ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಚೂಪಾದ ಹರಳೊಂದು ಅಂಗಾಲನ್ನು ಕೊರೆದಿದ್ದರೂ ಅವರಿಗೆ ನೋವೇ ತಿಳಿದಿರಲಿಲ್ಲ. ಈ ರೋಗ ಹಳೆಯದಾದಂತೆ ಪಾದದ ನರಗಳು ಸ್ಪರ್ಶವನ್ನು ಮರೆಯುತ್ತವೆ, ರಕ್ತಸಂಚಾರವೂ ಮಂದವಾಗುತ್ತದೆ. ಗಾಯವಾದದ್ದು ತಿಳಿಯುವುದಿಲ್ಲ, ತಿಳಿದ ಮೇಲೆ ಬೇಗ ಮಾಯುವುದಿಲ್ಲ. ನಲವತ್ತು ದಿನ ದಿನಬಿಟ್ಟು ದಿನ ಪಟ್ಟಿ ಕಟ್ಟಿಸಿದೆವು. ಇನ್ನೊಂದು ವಾರ ತಡವಾಗಿದ್ದರೆ ಒಂದು ಬೆರಳನ್ನು ಕಳೆದುಕೊಳ್ಳಬೇಕಾಗುತ್ತಿತ್ತೆಂದು ವೈದ್ಯರು ಹೇಳಿದ್ದನ್ನು ನಾವು ಮಕ್ಕಳಿಗೆ ಬಹುಕಾಲ ತಿಳಿಸಲಿಲ್ಲ. ತಿಳಿದಾಗ ಬೆಂಗಳೂರಿನಿಂದ ಮಗ, ಹುಬ್ಬಳ್ಳಿಯಿಂದ ಮಗಳು, ಇಬ್ಬರೂ ಒಂದೇ ಮಾತು: “ಇನ್ನು ಸಾಕು, ಮನೆಯ ಮುಂದೆಯೇ ಓಡಾಡಿಕೊಂಡಿರಿ.”

ಆದರೆ ವೈದ್ಯರು ಹಾಗೆನ್ನಲಿಲ್ಲ. ಗಾಯ ಪೂರ್ತಿ ಮಾಯ್ದ ದಿನ ಅವರು ಹೇಳಿದರು: “ನಡೆಯುವುದು ನಿಮಗೆ ಔಷಧಿ ಮೇಷ್ಟ್ರೇ. ನಿಲ್ಲಿಸಬೇಡಿ. ಆದರೆ ಇನ್ನು ಮೇಲೆ ಕಾಲಿಗೆ ಏನು ಹಾಕುತ್ತೀರಿ ಎಂಬುದನ್ನು ಕಣ್ಣಿನಲ್ಲಿ ನೋಡಿ, ಕೈಯಲ್ಲಿ ಮುಟ್ಟಿ ಹಾಕಿಕೊಳ್ಳಿ. ನಿಮ್ಮ ಕಾಲನ್ನು ನಂಬಬೇಡಿ.” ಹೀಗಾಗಿ ಪೆಟ್ಟಿಗೆಯ ಸಾಮಾನನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ, ಕೆಟ್ಟದ್ದನ್ನು ಬದಲಿಸಿ, ಉಳಿಯುವುದನ್ನು ಉಳಿಸಿಕೊಳ್ಳುವ ಕೆಲಸ ನಮ್ಮ ಪಾಲಿಗೆ ಬಂತು. ಮಗನೇನೋ ಮೊಬೈಲಿನಲ್ಲಿ ಬೆರಳಾಡಿಸಿ ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ತರಿಸಿಕೊಡುವೆನೆಂದ. ಕಾಲನ್ನು ಮುಟ್ಟಿ ನೋಡದ ಅಂಗಡಿಯ ಬೂಟು ನಮಗೆ ಬೇಡವೆಂದೆವು.

ಶಿವಮೊಗ್ಗದ ನೆಹರೂ ರಸ್ತೆ, ದುರ್ಗಿಗುಡಿ, ಗಾಂಧಿಬಜಾರು ನಮಗೆ ಅಂಗೈ ರೇಖೆಯಷ್ಟು ಪರಿಚಿತ. ಹಾಗೆಂದುಕೊಂಡಿದ್ದೆವು. ಬೂಟು ಹುಡುಕುತ್ತ ಹೊರಟಾಗ ಊರೇ ಬೇರೆಯಾಗಿ ಕಂಡಿತು. ಮೊದಲು ಹೊಕ್ಕ ಅಂಗಡಿಯಲ್ಲಿ ಗಾಜಿನ ಗೋಡೆ, ತಂಪು ಗಾಳಿ, ಚುರುಕಾದ ಹುಡುಗರು. ಬಣ್ಣಬಣ್ಣದ ಓಟದ ಬೂಟುಗಳನ್ನು ತಂದು ಸುರಿದರು. ಬೆಟ್ಟ ಹತ್ತಲು ಬೇಕು ಎಂದರೆ, “ಇದರಲ್ಲೇ ಎಲ್ಲ ಆಗುತ್ತೆ ಆಂಟಿ” ಎಂಬ ಉತ್ತರ. ಒಂದು ಜೊತೆಯನ್ನು ಕೊಂಡೂಬಿಟ್ಟೆವು. ಮನೆಯ ಒದ್ದೆ ಅಂಗಳದಲ್ಲಿಯೇ ಅದು ಎಣ್ಣೆ ಸವರಿದಂತೆ ಜಾರಿತು. ಹಿಂತಿರುಗಿಸಲು ಹೋದರೆ ಒಮ್ಮೆ ತೊಟ್ಟದ್ದನ್ನು ತೆಗೆದುಕೊಳ್ಳುವುದಿಲ್ಲವೆಂದರು. ಆ ಜೊತೆ ಈಗ ಮಗನ ಕಾಲಿನಲ್ಲಿ ಬೆಂಗಳೂರಿನ ಉದ್ಯಾನಗಳನ್ನು ಸುತ್ತುತ್ತಿದೆ.

ಎರಡನೆಯ ಅಂಗಡಿ ಚಿಕ್ಕದು, ಹಳೆಯದು. ಮಾಲೀಕರು ಯಜಮಾನರ ಹಳೆಯ ವಿದ್ಯಾರ್ಥಿಯೇನಲ್ಲ. ಆದರೂ ಮೇಷ್ಟ್ರೆಂದು ಊರಿಗೆಲ್ಲ ಗೊತ್ತಿರುವುದರಿಂದ ಎದ್ದು ನಿಂತರು. ಉದುರಿದ ಬೂಟನ್ನು ನಾವು ಚೀಲದಲ್ಲಿ ಕೊಂಡೊಯ್ದಿದ್ದೆವು. ಅವರು ಅದನ್ನು ಕೈಗೆತ್ತಿಕೊಂಡು, ಉಳಿದಿದ್ದ ಅಂಚಿಗೆ ಹೆಬ್ಬೆರಳಿನ ಉಗುರನ್ನು ಒತ್ತಿದರು. ಉಗುರು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. “ಎಷ್ಟು ವರ್ಷ ಪೆಟ್ಟಿಗೆಯಲ್ಲಿಟ್ಟಿದ್ರಿ?” ಎಂಬುದೇ ಅವರ ಮೊದಲ ಪ್ರಶ್ನೆ.

ಅವರು ವಿವರಿಸಿದ ಸಂಗತಿ ಮಲೆನಾಡಿನ ಪ್ರತಿಯೊಂದು ಮನೆಗೂ ಉಪಯುಕ್ತವಾದುದರಿಂದ ಇಲ್ಲಿ ತುಸು ವಿಸ್ತಾರವಾಗಿ ಬರೆಯುತ್ತೇವೆ. ಇತ್ತೀಚಿನ ಅನೇಕ ಬೂಟುಗಳ ಮೆತ್ತನೆಯ ಅಟ್ಟೆಯನ್ನು ಪಾಲಿಯುರಿಥೇನ್ ಎಂಬ ಪದಾರ್ಥದಿಂದ ಮಾಡಿರುತ್ತಾರೆ. ಹಗುರ, ಮೃದು, ನಡೆಯುವವರಿಗೆ ಸುಖ. ಆದರೆ ಗಾಳಿಯಲ್ಲಿರುವ ತೇವ ಅದರೊಳಗೆ ಸೇರಿ, ಅದರ ಕಣಕಣಗಳನ್ನು ಹಿಡಿದಿಟ್ಟ ಬಂಧವನ್ನೇ ವರ್ಷಾನುಗಟ್ಟಲೆ ಮೆಲ್ಲಮೆಲ್ಲನೆ ಕತ್ತರಿಸುತ್ತ ಹೋಗುತ್ತದೆ. ಬೂಟನ್ನು ತೊಟ್ಟರೂ ತೊಡದಿದ್ದರೂ ಈ ಕ್ರಿಯೆ ನಿಲ್ಲುವುದಿಲ್ಲ. ಗಾಳಿಯಾಡದ ಪೆಟ್ಟಿಗೆ, ಬೆಚ್ಚನೆಯ ಅಟ್ಟ, ಮಳೆಗಾಲದ ತೇವ ಈ ಮೂರೂ ಸೇರಿದರೆ ಕೇಳುವುದೇ ಬೇಡ. ಹೊರಗಿನಿಂದ ಏನೂ ಕಾಣುವುದಿಲ್ಲ; ಭಾರ ಬಿದ್ದ ದಿನ ಪುಡಿಯಾಗುತ್ತದೆ. ಮಳೆಯಂಗಿಯ ಒಳಮೈಗೆ ಬಳಿದಿರುವ ಲೇಪವೂ ಅನೇಕ ವೇಳೆ ಇದೇ ಜಾತಿಯದು. ನಮ್ಮ ಮಳೆಯಂಗಿಗಳ ಒಳಭಾಗ ಹಲಸಿನ ಮೇಣದಂತೆ ಅಂಟಂಟಾಗಿ, ಪೊರೆಪೊರೆಯಾಗಿ ಏಳುತ್ತಿದ್ದುದರ ಗುಟ್ಟು ಆಗ ತಿಳಿಯಿತು. ಗಂಧಕ ಬೆರೆಸಿ ಕಾಯಿಸಿ ಗಟ್ಟಿಗೊಳಿಸಿದ ಹಳೆಯ ಪದ್ಧತಿಯ ರಬ್ಬರಿಗೆ ಈ ರೋಗವಿಲ್ಲ. ಅದು ಬಹುಕಾಲದ ಮೇಲೆ ಗಡುಸಾಗಿ ಬಿರುಕು ಬಿಡಬಹುದೇ ಹೊರತು ಹೀಗೆ ಹಿಟ್ಟಾಗುವುದಿಲ್ಲ. 1986ರಲ್ಲಿ ಕೊಂಡ ನಮ್ಮ ಕ್ಯಾನ್ವಾಸ್ ಬೂಟು ಬಟ್ಟೆ ಹರಿದು ಸತ್ತಿತ್ತು, ಅಟ್ಟೆ ಮಾತ್ರ ಕೊನೆಯವರೆಗೂ ಗಟ್ಟಿಯಾಗಿತ್ತು ಎಂಬುದು ಆಗ ನೆನಪಾಯಿತು.

ಇಷ್ಟೆಲ್ಲ ಹೇಳಿದವರು ಆ ದಿನ ನಮಗೆ ಬೂಟು ಮಾರಲಿಲ್ಲ! “ಬೆಳಿಗ್ಗೆ ಹತ್ತು ಗಂಟೆಗೆ ಬೂಟು ಕೊಳ್ಳಬಾರದು ಅಮ್ಮಾವ್ರೇ. ದಿನವೆಲ್ಲ ಓಡಾಡಿ, ಕಾಲು ಊದಿಕೊಂಡ ಮೇಲೆ ಸಂಜೆ ಬನ್ನಿ. ಬೆಟ್ಟಕ್ಕೆ ಹಾಕಿಕೊಳ್ಳುವ ದಪ್ಪ ಕಾಲುಚೀಲವನ್ನೂ ತನ್ನಿ” ಎಂದು ಕಳುಹಿಸಿಬಿಟ್ಟರು. ಬಾಗಿಲಿಗೆ ಬಂದ ಗಿರಾಕಿಯನ್ನು ಹಿಂದಕ್ಕೆ ಕಳಿಸುವ ವ್ಯಾಪಾರಿಯನ್ನು ಕಂಡು ಬಹಳ ದಿನಗಳಾಗಿದ್ದವು. ಸಂಜೆ ಹೋದೆವು. ಕಾಗದದ ಮೇಲೆ ಎರಡೂ ಪಾದಗಳನ್ನಿಡಿಸಿ ಪೆನ್ಸಿಲಿನಿಂದ ಗೆರೆ ಎಳೆದರು. ಯಜಮಾನರ ಎಡಗಾಲು ಬಲಗಾಲಿಗಿಂತ ತುಸು ದೊಡ್ಡದೆಂಬುದು ಅವರ ಎಪ್ಪತ್ತನೆಯ ವಯಸ್ಸಿನಲ್ಲಿ ಗೊತ್ತಾಯಿತು. ವಯಸ್ಸಾದಂತೆ ಪಾದದ ಕಮಾನು ತಗ್ಗಿ ಪಾದ ಹರಡಿಕೊಳ್ಳುತ್ತದೆಯಂತೆ; ಇಪ್ಪತ್ತು ವರ್ಷದಿಂದ ಎಂಟನೆಯ ಅಳತೆಯೆಂದು ಕಣ್ಣುಮುಚ್ಚಿ ಕೊಳ್ಳುತ್ತಿದ್ದವರಿಗೆ ಒಂಬತ್ತು ಬೇಕಾಗಿತ್ತು. ಬೂಟಿನ ತುದಿಗೂ ಉದ್ದನೆಯ ಬೆರಳಿಗೂ ನಡುವೆ ಹೆಬ್ಬೆರಳಿನಗಲ ಜಾಗವಿರಬೇಕು, ಇಲ್ಲವಾದರೆ ಇಳಿಜಾರಿನಲ್ಲಿ ಬೆರಳುಗಳು ಮುಂದಕ್ಕೆ ಬಡಿದು ಉಗುರು ಕರಿಗಟ್ಟುತ್ತದೆ. ಅಂಗಡಿಯ ಮುಂದಿನ ಮೆಟ್ಟಿಲುಗಳನ್ನು ಹತ್ತು ಬಾರಿ ಇಳಿಸಿ ಹತ್ತಿಸಿದರು. ಆಳವಾದ ಹಲ್ಲುಗಳುಳ್ಳ ರಬ್ಬರಿನ ಅಟ್ಟೆಯ, ಕಣಕಾಲನ್ನು ಮುಚ್ಚುವ ಒಂದು ಜೊತೆ ಕೊನೆಗೆ ಒಪ್ಪಿಗೆಯಾಯಿತು. ನಮ್ಮ ವಿಷಯ ಬಂದಾಗ ಮಾತ್ರ ಅವರೂ ಕೈಚೆಲ್ಲಿದರು. ಬೆಟ್ಟ ಹತ್ತುವ ಹೆಂಗಸರ ಬೂಟು ಅಂಗಡಿಯಲ್ಲಿಲ್ಲ, ಯಾರೂ ಕೇಳುವುದಿಲ್ಲವಂತೆ. ಅಕ್ಕಮಹಾದೇವಿ ಹುಟ್ಟಿ, ನಡೆದು ಹೊರಟುಹೋದ ಜಿಲ್ಲೆಯಿದು! ಹುಡುಗರ ಐದನೆಯ ಅಳತೆಯ ಜೊತೆಯೊಂದು ನಮ್ಮ ಕಾಲಿಗೆ ಸರಿಹೋಯಿತು.

ಬೂಟು ಕೊಂಡಲ್ಲಿಗೆ ಕೆಲಸ ಮುಗಿಯಲಿಲ್ಲ. ಅಂಗಡಿಯವರೇ ನಮ್ಮನ್ನು ಗಾಂಧಿಬಜಾರಿನ ಪಕ್ಕದ ಓಣಿಯಲ್ಲಿ ಛತ್ರಿಯ ಕೆಳಗೆ ಕೂರುವ ಹಿರಿಯ ಚಮ್ಮಾರರೊಬ್ಬರ ಬಳಿಗೆ ಕಳಿಸಿದರು. ಅಂಟಿನಿಂದ ಮಾತ್ರ ಕೂಡಿಸಿದ ಅಟ್ಟೆಗೆ ಸುತ್ತಲೂ ಮೇಣ ಸವರಿದ ದಾರದಿಂದ ಹೊಲಿಗೆ ಹಾಕಿಸಿಬಿಟ್ಟರೆ, ಅಂಟು ಬಿಟ್ಟರೂ ಅಟ್ಟೆ ಬಿಡದೆಂಬುದು ಅವರ ಸಲಹೆ. ಆ ಹಿರಿಯರು ಬೂಟಿನೊಳಗೆ ಕೈಯಿಟ್ಟು, ಕಣ್ಣುಮುಚ್ಚಿ, ಬೆರಳುಗಳಿಂದ ಒಳಗೆಲ್ಲ ತಡವಿದರು. ಒಳಗಿನ ಹೊಲಿಗೆಯೊಂದು ಗಂಟುಗಟ್ಟಿದ್ದ ಜಾಗವನ್ನು ಹಿಡಿದು, “ಇದು ಮೇಷ್ಟ್ರ ಕಾಲನ್ನ ತಿನ್ನುತ್ತೆ, ಅವರಿಗೆ ತಿಳಿಯೋದಿಲ್ಲ” ಎಂದು ಅದನ್ನು ಬಡಿದು ಸಮ ಮಾಡಿ, ಮೇಲೆ ಮೃದುವಾದ ತೊಗಲಿನ ತುಂಡೊಂದನ್ನು ಕೂಡಿಸಿದರು. ವೈದ್ಯರು ಹೇಳಿದ್ದ ಮಾತನ್ನು ಅವರು ಕೇಳಿರಲಿಲ್ಲ. ಹರಳಯ್ಯನವರೂ ಕಲ್ಯಾಣಮ್ಮನವರೂ ಬಸವಣ್ಣನವರಿಗಾಗಿ ಪಾದರಕ್ಷೆ ಮಾಡಿದ ಕಥೆಯನ್ನು ನಾವು ಮಕ್ಕಳಿಗೆ ಎಷ್ಟೋ ಸಾರಿ ಹೇಳಿದ್ದೇವೆ. ಆದರೆ ಚಮ್ಮಾರರೊಬ್ಬರ ಮುಂದೆ ಒಂದು ಗಂಟೆ ಕುಳಿತು, ಅವರ ಕೈ ಏನು ಮಾಡುತ್ತದೆಂದು ನೋಡಿದ್ದು ಅದೇ ಮೊದಲು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಕೂಲಿ ಎಷ್ಟೆಂದು ಕೇಳಿದರೆ ಅವರು ಹೇಳಿದ್ದು ನಾವು ಅಲ್ಲಿಗೆ ಹೋಗಿ ಬರಲು ಆಟೋದವನಿಗೆ ಕೊಟ್ಟದ್ದಕ್ಕಿಂತ ಕಡಿಮೆ. ಹೆಚ್ಚು ಕೊಡಹೋದರೆ ತೆಗೆದುಕೊಳ್ಳಲಿಲ್ಲ. “ನಡೆದು ಬಂದ ಮೇಲೆ ತಂದು ತೋರಿಸಿ” ಎಂದಷ್ಟೇ ಹೇಳಿದರು.

ಗಾಂಧಿಬಜಾರಿನಲ್ಲಿಯೇ ಉಂಬಳಗಳ ವಿಚಾರವೂ ಇತ್ಯರ್ಥವಾಯಿತು. ಮಲೆನಾಡಿನ ಕಾಡುದಾರಿಯಲ್ಲಿ ಉಂಬಳ ಹತ್ತದೆ ಬಂದವರುಂಟೆ? ಸುಣ್ಣ, ಹೊಗೆಸೊಪ್ಪು, ಉಪ್ಪಿನ ಗಂಟು ಇವು ನಮ್ಮ ಅಜ್ಜಿಯ ಕಾಲದ ಉಪಾಯಗಳು. ಸಾಧಾರಣ ಕಾಲುಚೀಲದ ಹೆಣಿಗೆಯ ಕಣ್ಣುಗಳಲ್ಲಿ ಉಂಬಳ ಸಲೀಸಾಗಿ ನುಸುಳುತ್ತದೆ. ಒತ್ತಾದ ನೇಯ್ಗೆಯ ಬಟ್ಟೆಯಲ್ಲಿ ನುಸುಳಲಾರದು. ಆದ್ದರಿಂದ ಒತ್ತು ನೇಯ್ಗೆಯ ಬಿಳಿಯ ಹತ್ತಿ ಬಟ್ಟೆಯಲ್ಲಿ ಮೊಣಕಾಲಿನವರೆಗೆ ಬರುವ ಮೇಲುಚೀಲಗಳನ್ನು ಹೊಲಿಸಿದೆವು. ಬಿಳಿ ಯಾಕೆಂದರೆ ಏರುವ ಉಂಬಳ ಕಣ್ಣಿಗೆ ಬೀಳಲಿ ಎಂದು. ದರ್ಜಿ ಮಹಾಶಯರು ಇದೇನು ನಾಟಕದ ವೇಷವೋ ಎಂದು ನಕ್ಕರು. ನಾವು ಹೇಳಿದ ಮೇಲೆ, ಹೊಲಿಗೆಯ ಏಣು ಒಳಗೆ ಬಾರದಂತೆ ಹೊರಮುಖವಾಗಿ ಹೊಲಿದುಕೊಟ್ಟರು. ಮಳೆಯಂಗಿಯೊಂದನ್ನು ಮಾತ್ರ ಹೊಸದಾಗಿ ಕೊಂಡೆವು. ಬಿದಿರಿನ ಹಂದರಕ್ಕೆ ಎಲೆ ಹೆಣೆದು, ತಲೆಯಿಂದ ಬೆನ್ನಿನವರೆಗೆ ಇಳಿಬಿಟ್ಟು, ನಾಟಿ ಗದ್ದೆಯಲ್ಲಿ ಹೆಂಗಸರು ಹೊರುತ್ತಿದ್ದ ಗೊರಬಿಗೆ ಸಮನಾದ ಮಳೆಯಂಗಿ ಇನ್ನೂ ಹುಟ್ಟಿಲ್ಲವೆಂಬುದು ನಮ್ಮ ಅಭಿಪ್ರಾಯ. ಆದರೆ ಅದನ್ನು ಹೊತ್ತು ಬಸ್ಸು ಹತ್ತುವುದು ಹೇಗೆ? ಟಾರ್ಚಿನ ಕಥೆ ಚಿಕ್ಕದು. ಮೂರು ವರ್ಷ ಸೆಲ್ಲುಗಳನ್ನು ಒಳಗೇ ಬಿಟ್ಟಿದ್ದರಿಂದ ಅವು ಸೋರಿ ತಾಮ್ರವೆಲ್ಲ ಹಸಿರುಗಟ್ಟಿ ಹೋಗಿತ್ತು. ಹಣೆಗೆ ಕಟ್ಟುವ ದೀಪ ಬಂತು. ಚೀಲಕ್ಕೆ ಸೊಂಟದ ಪಟ್ಟಿ ಕೂಡಿಸಿದರು; ಭಾರ ಹೆಗಲಿನಿಂದ ಸೊಂಟಕ್ಕಿಳಿದದ್ದೇ ನಮ್ಮ ಕುತ್ತಿಗೆಯ ನೋವು ಕಡಿಮೆಯಾಯಿತು.

ಉಳಿದದ್ದು ಕೋಲು. ಅದಕ್ಕಾಗಿ ಭದ್ರಾವತಿಗೆ ಹೋಗಬೇಕಾಯಿತು.

ನಮ್ಮ ಮಾವನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಹಿಂದೆ ಬೆಂಕಿಪುರವೆನಿಸಿಕೊಂಡಿದ್ದ ಊರಿಗೆ, ಹೆಸರಿಗೆ ತಕ್ಕಂತೆ ಕುಲುಮೆಯ ಬೆಂಕಿ ಬಂದದ್ದು ಮೈಸೂರು ಸಂಸ್ಥಾನದ ಕಾಲದಲ್ಲಿ. ಕೆಮ್ಮಣ್ಣುಗುಂಡಿಯ ಅದಿರು, ಸುತ್ತಲಿನ ಕಾಡಿನ ಸೌದೆಯ ಇದ್ದಿಲು, ಭದ್ರೆಯ ನೀರು. ಈ ಮೂರನ್ನು ನಂಬಿ ಹುಟ್ಟಿದ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ಹರಿಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದನ್ನು ನಷ್ಟದ ಕೆಸರಿನಿಂದ ಎತ್ತಿ ನಿಲ್ಲಿಸಿದ ಕಥೆ ಎಲ್ಲರಿಗೂ ಗೊತ್ತಿರುವುದೇ. ಮಾವನವರ ಬೆತ್ತದ ಕೋಲಿನ ತುದಿಗಿದ್ದ ಕಬ್ಬಿಣದ ಅಣಸು ಅವರು ತಾವೇ ಕಡೆದು ಕೂಡಿಸಿದ್ದು. ಅದು ಸವೆದು ಸವೆದು ಉಂಗುರದಷ್ಟಾಗಿ, ಬೆತ್ತದ ತುದಿ ಸೀಳಲಾರಂಭಿಸಿತ್ತು.

ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆಯ ದಾರಿ. ಮೊದಲೆಲ್ಲ ಪಾಳಿ ಬದಲಾಗುವ ಹೊತ್ತಿಗೆ ರಸ್ತೆ ತುಂಬ ಸೈಕಲ್ಲುಗಳ ಹೊಳೆ ಹರಿಯುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಗಡಿಯಾರ ನೋಡದೆ, ಸೈರನ್ನಿನ ದನಿಗೆ ಒಲೆಯ ಮೇಲೆ ಎಸರಿಡುತ್ತಿದ್ದೆವು. ಈಗ ಕಾಗದದ ಕಾರ್ಖಾನೆ ನಿಂತುಹೋಗಿದೆ. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದು, ಕಾರ್ಮಿಕರು ಧರಣಿ ಕುಳಿತು, ಅದೇ ವರ್ಷದ ಆಗಸ್ಟಿನಲ್ಲಿ ಅದರ ಕೆಲವು ವಿಭಾಗಗಳು ಮತ್ತೆ ಉಸಿರಾಡಿದವು. ನಾವು ಹೋದದ್ದು ಅದಾದ ಮರುತಿಂಗಳು. ಪೇಟೆಯಲ್ಲಿ ಜನ ಹಬ್ಬಕ್ಕಿಂತ ಹೆಚ್ಚಾಗಿ ಅದನ್ನೇ ಮಾತನಾಡಿಕೊಳ್ಳುತ್ತಿದ್ದರು.

ಕಾರ್ಖಾನೆ ಕುಗ್ಗಿದರೂ ಅದು ಕಲಿಸಿದ ಕೈಗಳು ಊರಿನಲ್ಲಿವೆ. ಲೇತು ಯಂತ್ರವಿಟ್ಟುಕೊಂಡು ಟ್ರಾಕ್ಟರಿನ, ಅಕ್ಕಿ ಗಿರಣಿಯ ಬಿಡಿಭಾಗಗಳನ್ನು ಕಡೆಯುವ ಒಂದು ಪುಟ್ಟ ಕಾರ್ಯಾಗಾರಕ್ಕೆ ಹೋದೆವು. ಐವತ್ತರ ಆಸುಪಾಸಿನ ಮಾಲೀಕರು ಕೋಲನ್ನು ತಿರುಗಿಸಿ ನೋಡಿ, “ಇದು ನಮ್ಮ ಊರಿನ ಕೆಲಸ” ಎಂದರು. ಅವರ ತಂದೆಯೂ ಅಲ್ಲಿಯೇ ದುಡಿದವರು. ಮಾವನವರ ಹೆಸರು ಹೇಳಿದೆವು, ಅವರಿಗೆ ಗೊತ್ತಿರಲಿಲ್ಲ. ಸಾವಿರಾರು ಜನ ದುಡಿಯುತ್ತಿದ್ದ ಜಾಗವಲ್ಲವೆ? ಆದರೂ ಅವರು ಹಳೆಯ ಅಣಸನ್ನು ಬಿಸಾಡದೆ ಒಂದು ಕಾಗದದಲ್ಲಿ ಸುತ್ತಿ ನಮ್ಮ ಕೈಗೆ ಕೊಟ್ಟರು.

“ಬರೀ ಕಬ್ಬಿಣದ ತುದಿ ಕೆಸರಿನಲ್ಲಿ ಕಚ್ಚುತ್ತದೆ ಅಕ್ಕಾ, ಬಂಡೆಯ ಮೇಲೆ ಜಾರುತ್ತದೆ, ರಬ್ಬರು ಬಂಡೆಯ ಮೇಲೆ ನಿಲ್ಲುತ್ತದೆ, ಕೆಸರಿನಲ್ಲಿ ಜಾರುತ್ತದೆ. ಎರಡನ್ನೂ ಮಾಡೋಣ” ಎಂದು, ಉಕ್ಕಿನ ಮೊನೆಯೊಂದನ್ನು ಕಡೆದು, ಅದರ ಮೇಲೆ ತೊಡಿಸಿ ತೆಗೆಯಬಹುದಾದ ರಬ್ಬರಿನ ಬುಷ್ ಒಂದನ್ನು ಹೊಂದಿಸಿದರು. ಸೀಳಿದ ಬೆತ್ತಕ್ಕೆ ತೆಳುವಾದ ಪಟ್ಟಿ ಬಿಗಿದರು. ಕೆಲಸ ಮುಗಿಯುವವರೆಗೆ ನಾವು ನದಿಯಾಚೆ ಹಳೆಯೂರಿನ ಲಕ್ಷ್ಮೀನರಸಿಂಹ ದೇವಾಲಯವನ್ನು ನೋಡಿ ಬಂದೆವು. ಹೊಯ್ಸಳರ ಆ ಗುಡಿಯ ಕಲ್ಲಿನ ಕಂಬಗಳು ಕೂಡ ಕಡೆಚ್ಚಿನಲ್ಲಿ ತಿರುಗಿಸಿದವುಗಳಂತೆಯೇ ನುಣುಪಾಗಿವೆಯೆಂದು ಯಜಮಾನರು ಮೆಚ್ಚಿಕೊಂಡರು. ಅವರಿಗೆ ಆ ದಿನ ಎಲ್ಲೆಲ್ಲೂ ಲೇತೇ ಕಾಣುತ್ತಿತ್ತು.

ಹೊಸ ಬೂಟನ್ನು ತೊಟ್ಟೊಡನೆ ದೂರ ಹೊರಡಬಾರದೆಂಬ ಕಟ್ಟಪ್ಪಣೆಯಿತ್ತು. ಮೊದಲು ಮನೆಯೊಳಗೆ ಅರ್ಧ ಗಂಟೆ, ಆಮೇಲೆ ತುಂಗೆಯ ದಂಡೆಯಲ್ಲಿ ಒಂದು ಗಂಟೆ, ಹೀಗೆ ಮೂರು ವಾರ ಪಳಗಿಸಿದೆವು. ಪ್ರತಿದಿನ ರಾತ್ರಿ ನಾವು ಕನ್ನಡಕ ಹಾಕಿಕೊಂಡು, ದೀಪ ಹಿಡಿದು, ಯಜಮಾನರ ಅಂಗಾಲುಗಳನ್ನು ಬೆರಳ ಸಂದಿ ಬಿಡದೆ ನೋಡುವುದು. ಬೆಳಿಗ್ಗೆ ತೊಡುವ ಮುನ್ನ ಬೂಟನ್ನು ಬೋರಲು ಹಾಕಿ ಕೊಡವಿ, ಒಳಗೆ ಕೈಯಿಟ್ಟು ತಡವುವುದು. “ಪಾದಪೂಜೆ ಜೋರಾಗಿದೆ” ಎಂದು ಫೋನಿನಲ್ಲಿ ಮಗಳು ಹಾಸ್ಯ ಮಾಡಿದಳು.

ನವೆಂಬರಿನ ಒಂದು ಭಾನುವಾರ ಪರೀಕ್ಷಾರ್ಥವಾಗಿ ಕೂಡಲಿಗೆ ಹೊರಟೆವು. ಶಿವಮೊಗ್ಗದ ತುಂಗೆಯೂ ಭದ್ರಾವತಿಯ ಭದ್ರೆಯೂ ಕೂಡಿ ತುಂಗಭದ್ರೆಯಾಗುವ ಆ ಸಂಗಮ ನಮ್ಮ ಮನೆಯಿಂದ ಸುಮಾರು ಹದಿನೈದು ಕಿಲೋಮೀಟರು. ಎಷ್ಟೋ ಸಾರಿ ಬಸ್ಸಿನಲ್ಲಿ ಹೋಗಿದ್ದೆವು, ನಡೆದು ಹೋದದ್ದಿಲ್ಲ. ಬೆಳಗಿನ ಮಂಜಿನಲ್ಲಿ, ಕೊಯ್ಲಿಗೆ ಬಂದ ಗದ್ದೆಗಳ ವಾಸನೆಯಲ್ಲಿ, ಕೋಲಿನ ತುದಿ ಟಾರು ರಸ್ತೆಯ ಮೇಲೆ ಸದ್ದಿಲ್ಲದೆ ಊರಿಕೊಳ್ಳುತ್ತಿತ್ತು. ಗಂಟೆಗೊಮ್ಮೆ ಕುಳಿತು, ಬೂಟು ಕಳಚಿ, ಕಾಲು ನೋಡಿ, ಮತ್ತೆ ಹೊರಡುವುದು. ಹಾಲಿನ ಕ್ಯಾನು ಹೊತ್ತ ಸ್ಕೂಟರಿನವರು ನಿಲ್ಲಿಸಿ, ಬಸ್ಸು ತಪ್ಪಿತೇನೆಂದು ವಿಚಾರಿಸಿದರು. ಹನ್ನೊಂದೂವರೆಗೆ ಸಂಗಮದ ಮೆಟ್ಟಿಲಲ್ಲಿದ್ದೆವು. ಎರಡು ನೀರಿನ ಬಣ್ಣ ಬೇರೆಯಾಗಿ ಬಂದು ಒಂದಾಗುವುದನ್ನು ನೋಡುತ್ತ ಯಜಮಾನರು ಬೂಟು ಬಿಚ್ಚಿದರು. ನಾವು ಎಡಗಾಲನ್ನು ಮಡಿಲಿಗೆಳೆದುಕೊಂಡು ನೋಡಿದೆವು. ಗುಳ್ಳೆಯಿಲ್ಲ, ಕೆಂಪಿಲ್ಲ. ಹಳೆಯ ಗಾಯದ ಗುರುತು ಮಾತ್ರ, ಹುಣಿಸೆಬೀಜದಷ್ಟು, ತಿಳಿಬಿಳುಪಾಗಿ. ಆ ಕ್ಷಣ ನಮಗೆ ಅಳು ಬಂದದ್ದನ್ನು ಯಜಮಾನರು ಹೊಳೆಯ ಗಾಳಿಗೆ ಕಣ್ಣು ತೇವಗೊಂಡಿತೆಂದು ತಿಳಿದರು. ನಾವೂ ಹಾಗೆಯೇ ಹೇಳಿದೆವು.

2024ರ ಫೆಬ್ರವರಿಯಲ್ಲಿ ಉಡುತಡಿಗೆ ನಡೆದೇ ಹೋದೆವು. ಮಕ್ಕಳಿಗೆ ಮೊದಲೇ ತಿಳಿಸಿದೆವು. ಮಗ ಶಿಕಾರಿಪುರಕ್ಕೆ ಬಂದು ಕಡೆಯ ಎರಡು ದಿನ ಜೊತೆಗೂಡಿದ. ಐದು ದಿನದ ದಾರಿ, ಊರೂರಲ್ಲಿ ನೆಂಟರಿಷ್ಟರ ಮನೆಯ ಊಟ. ಅಕ್ಕನ ಊರಿನಿಂದ ಅಲ್ಲಮಪ್ರಭುಗಳ ಬಳ್ಳಿಗಾವೆಗೂ ಹೋಗಿ, ಕೇದಾರೇಶ್ವರನ ಗುಡಿಯ ನೆರಳಿನಲ್ಲಿ ಒಂದು ಮಧ್ಯಾಹ್ನ ಮಲಗಿದೆವು. ಅದನ್ನು ಬೇರೆಯಾಗಿಯೇ ಬರೆಯಬೇಕು.

ಹಿಂದಿರುಗಿದ ಮರುದಿನ, ಮಾತು ಕೊಟ್ಟಿದ್ದಂತೆ, ಬೂಟುಗಳನ್ನು ಗಾಂಧಿಬಜಾರಿನ ಓಣಿಗೆ ಒಯ್ದೆವು. ಹಿರಿಯರು ಎರಡೂ ಅಟ್ಟೆಗಳನ್ನು ಮೇಲೆ ಮಾಡಿ ಪಕ್ಕಪಕ್ಕದಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಹೊಲಿಗೆ ಒಂದು ಎಳೆಯೂ ಸಡಿಲವಾಗಿರಲಿಲ್ಲ. ಬಲಗಾಲಿನ ಹಿಮ್ಮಡಿ ಹೆಚ್ಚು ಸವೆದಿದ್ದನ್ನು ಉಗುರಿನಿಂದ ತೋರಿಸಿ, “ಮೇಷ್ಟ್ರೇ, ಎಡಗಾಲು ಊರಲು ನಿಮಗೆ ಇನ್ನೂ ಹೆದರಿಕೆ. ಕೋಲು ಯಾವ ಕೈಯಲ್ಲಿ ಹಿಡೀತೀರಿ?” ಎಂದರು. ಎಡಗೈಯಲ್ಲಿ ಎಂದರು ಯಜಮಾನರು. “ಅದೇ ತಪ್ಪು. ನೊಂದ ಕಾಲು ಎಡದ್ದಾದರೆ ಕೋಲು ಬಲಗೈಯಲ್ಲಿರಬೇಕು.”

ಯಜಮಾನರು ಕೋಲನ್ನು ಬಲಗೈಗೆ ಬದಲಿಸಿಕೊಂಡು, ಆ ಓಣಿಯ ತುದಿಯವರೆಗೆ ನಡೆದು ಹೋಗಿ ತಿರುಗಿ ಬಂದರು. ಹಿರಿಯರು ಛತ್ರಿಯ ಕೆಳಗಿನಿಂದ ಬಗ್ಗಿ ನೋಡುತ್ತಿದ್ದು, ಇನ್ನೊಂದು ಸಲ ನಡೆಯುವಂತೆ ಕೈಸನ್ನೆ ಮಾಡಿದರು.